ಅರ್ಧ ಬಾಡಿಗೆಯ ಕಾರು

ಕಾರು ಊರು ದಾಟುವ ಮೊದಲೇ ದೊಡ್ಡವ್ವ ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಗಿಗೆ ಹಿಡಿದುಕೊಳ್ಳುತ್ತಿದ್ದಳು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯುತ್ತಿತ್ತು. ಬಸ್ಸಾದರೆ ಹೇಗೋ ತಡೆದುಕೊಳ್ಳುತ್ತಿದ್ದಳು, ಕಾರಿನ ವಾಸನೆ ಮಾತ್ರ ಅವಳಿಗೆ ಆಗುತ್ತಲೇ ಇರಲಿಲ್ಲ. ಆದರೂ ರಜೆ ಮುಗಿಸಿ ನಾನು ಮಸ್ಕತ್ತಿನ ಕೆಲಸಕ್ಕೆ ಹೊರಟಾಗಲೆಲ್ಲ ಹನೂರಿನಿಂದ ಬೆಂಗಳೂರಿನ ವಿಮಾನ ನಿಲ್ದಾಣದವರೆಗೆ ನನ್ನ ಪಕ್ಕದಲ್ಲೇ ಕೂತು ಬರುತ್ತಿದ್ದಳು.

ಅವಳು ನಮ್ಮವ್ವನ ಅಕ್ಕ. ನನಗೆ ತಿಳುವಳಿಕೆ ಬರುವ ಮೊದಲೇ ಅವ್ವ ತೀರಿಕೊಂಡಿದ್ದರಿಂದ ನನ್ನ ತಲೆ ಬಾಚಿದವಳು, ಬೈದವಳು, ನರ್ಸಿಂಗ್ ಓದಿಸಿದವಳು ಎಲ್ಲ ದೊಡ್ಡವ್ವನೇ. ಹನೂರಿನ ಸಂತೆಯಲ್ಲಿ ಬೆಳ್ಳುಳ್ಳಿ, ಹುಣಸೆಹಣ್ಣು ಮಾರುತ್ತಿದ್ದಳು. ಚೌಕಾಸಿಯಲ್ಲಿ ಅವಳೆದುರು ಗೆದ್ದವರನ್ನು ನಾನು ಕಂಡಿಲ್ಲ.

ಮೊದಲ ಸಲ ಬಸ್ಸಿನಲ್ಲೇ ಹೋಗುತ್ತೇನೆಂದಾಗ ಅವಳು ಒಪ್ಪಲಿಲ್ಲ.

"ಇಷ್ಟೊಂದು ಗಂಟು ತಕಂಡು ಬಸ್ಸು, ಆಟೋ, ಮುಂಚಿನ್ ದಿನ್ವೇ ಓಗಿ ಲಾಡ್ಜು. ಎಲ್ಲಾ ಸೇರ್ಸುದ್ರೆ ಕಾರೇ ಅಗ್ಗ ಕಣವ್ವ."

ಅಗ್ಗ ಮಾಡುವ ದಾರಿಯೂ ಅವಳಿಗೆ ಗೊತ್ತಿತ್ತು. ಬೆಂಗಳೂರಿನ ಆಸ್ಪತ್ರೆಗೆ ಹೋಗುವ ರಾಮಾಪುರದವರನ್ನೋ, ಮಗಳ ಮನೆಗೆ ಹೊರಟ ಯಳಂದೂರಿನ ಬೀಗರನ್ನೋ ಹಿಡಿದು ತಂದು ಬಾಡಿಗೆ ಹಂಚುತ್ತಿದ್ದಳು. ತಾನು ಕೂರುವುದಕ್ಕೆ ಬೇರೆಯದೇ ವಾದ. "ಕಾರು ವಾಪಸ್ ಬರೋದುಕ್ಕೂ ನಾವೇ ದುಡ್ಡು ಕೊಡದು. ಖಾಲಿ ಯಾಕ್ ಬರ್ಬೇಕು?"

ಮುದುಕಿಗೆ ವಿಮಾನ ನೋಡುವ ಹುಚ್ಚು ಎಂದು ನೆರೆಯವರು ಚುಡಾಯಿಸುತ್ತಿದ್ದರು. ಅಲ್ಲಿಗೆ ಹೋದರೆ ಅವಳು ತಲೆ ಎತ್ತಿಯೂ ನೋಡುತ್ತಿರಲಿಲ್ಲ. ಮಳವಳ್ಳಿ ದಾಟಿ ಉಳಿದವರು ತೂಕಡಿಸತೊಡಗಿದಾಗ ನನ್ನ ಕೈಯನ್ನು ಮಡಿಲಿಗೆ ಎಳೆದುಕೊಂಡು ಸಣ್ಣ ದನಿಯಲ್ಲಿ ಅವ್ವನ ಮಾತು ತೆಗೆಯುತ್ತಿದ್ದಳು. ಮನೆಯಲ್ಲಿ ಆ ಮಾತು ಅವಳ ಬಾಯಿಂದ ಬರುತ್ತಿರಲಿಲ್ಲ, ಅಳು ಬಂದುಬಿಡುತ್ತಿತ್ತು. ಅವ್ವ ಹೇಗೆ ನಗುತ್ತಿದ್ದಳು, ಯಾವ ಸಾರು ಬೇಕೆಂದು ಹಟ ಹಿಡಿಯುತ್ತಿದ್ದಳು ಎಂಬುದೆಲ್ಲ ನನಗೆ ಗೊತ್ತಾದದ್ದು ಆ ದಾರಿಯಲ್ಲೇ. ಇನ್ನಷ್ಟು ದೂರವಿರಬಾರದಿತ್ತೇ ಬೆಂಗಳೂರು ಎನಿಸುತ್ತಿತ್ತು.

ಕೊನೆಯ ಸಲ ಅವಳೇ ಕಾರು ಗೊತ್ತು ಮಾಡಿ ಬಂದಳು. ಮಾದಪ್ಪನ ಬೆಟ್ಟಕ್ಕೆ ಭಕ್ತರನ್ನು ಬಿಟ್ಟು ಬೆಂಗಳೂರಿಗೆ ಖಾಲಿ ಹೊರಟಿದ್ದ ಕಾರು. ಬಾಡಿಗೆ ಅರ್ಧಕ್ಕರ್ಧ ಕಡಿಮೆ.

"ಯಾರ್ನೂ ಸೇರಿಸ್ಕಳದು ಬ್ಯಾಡ. ನಾವಿಬ್ರೇ ಮಾತಾಡ್ಕಂಡು ಓಗವ" ಎಂದು ಹಿಗ್ಗಿದಳು.

ಒಳ್ಳೆ ಸೀರೆ ಉಟ್ಟು ಬಂದು ಹಿಂದಿನ ಸೀಟಿನಲ್ಲಿ ಕೂತಾಗ ಚಾಲಕ ಕೇಳಿದ, "ಅಮ್ಮ, ನೀವೂ ಬೆಂಗಳೂರಲ್ಲಿ ಉಳ್ಕೊಳ್ತೀರಾ? ನಾನು ವಾಪಸ್ ಬರಲ್ಲ. ನಮ್ಮನೆ ಅಲ್ಲೇ."

ಊರಿಗೆಲ್ಲ ಉಳಿತಾಯ ಹೇಳಿಕೊಡುವವಳಿಗೆ ಇದು ಹೊಳೆದೇ ಇರಲಿಲ್ಲ. ಮುಖ ಸಪ್ಪಗಾಯಿತು. ಬೇರೆ ಕಾರು ಮಾಡೋಣ ಎಂದೆ.

"ಮಾತು ಕೊಟ್ಟಾಗದೆ, ಬ್ಯಾಡ. ಬೆಂಗ್ಳೂರಿಂದ ಒಬ್ಳೇ ಬಸ್ಸಲ್ಲಿ ಬರಕ್ಕಾಗಲ್ಲ, ಕೊಳ್ಳೇಗಾಲ ಗಂಟ ಬತ್ತೀನಿ."

ಆ ಚೂರು ದಾರಿಯುದ್ದಕ್ಕೂ ಅವಳು ನಿಂಬೆಹಣ್ಣನ್ನು ಮೂಗಿನಿಂದ ತೆಗೆಯಲಿಲ್ಲ. ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಇಳಿದು, ಕಿಟಕಿಯೊಳಗೆ ಕೈಹಾಕಿ ನನ್ನ ಕೆನ್ನೆ ಸವರಿದಳು.

"ನಿನ್ಗೆ ಅಜ್ಜಿ ಎಸ್ರು ಇಟ್ಬುಟ್ರು. ನಿಮ್ಮವ್ವ ಬ್ಯಾರೆ ಎಸ್ರು ಇಡ್ಬೇಕು ಅಂತಿದ್ಲು. ಅದ್ನೇ ಏಳವ ಅಂತಿದ್ದೆ ಇವತ್ತು."

"ಏನು ಹೆಸರು ದೊಡ್ಡವ್ವ?"

ಹಿಂದಿನಿಂದ ಬಸ್ಸು ಬಿಡುವಿಲ್ಲದೆ ಹಾರನ್ ಹಾಕುತ್ತಿತ್ತು. "ಇರ್ಲಿ, ಮುಂದಿನ್ ಸಲ" ಎಂದು ಕೈ ತೆಗೆದಳು.

ಮಸ್ಕತ್ತಿನಿಂದ ಎಷ್ಟೋ ಸಲ ಕೇಳಿದೆ. "ಪೋನಲ್ಲಿ ಏಳೋ ಮಾತಲ್ಲ ಕಣವ್ವ. ಬಾ, ಓಗಿ ಬರೋ ಕಾರೇ ಮಾಡವ, ದುಡ್ಡು ಆದ್ರೆ ಆಗ್ಲಿ" ಎನ್ನುತ್ತಿದ್ದಳು. ದುಡ್ಡು ಆದರೆ ಆಗಲಿ ಎಂದು ಅವಳು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಆಗಲೇ. ರಜೆ ಮಂಜೂರಾಗಿ ಟಿಕೆಟ್ ತೆಗೆಯುವಷ್ಟರಲ್ಲಿ ಅವಳು ಹೋಗಿಬಿಟ್ಟಳು. ಮಣ್ಣು ಮಾಡುವ ಹೊತ್ತಿಗೂ ನಾನು ತಲುಪಲಿಲ್ಲ.

ತಿಥಿಗೆ ಬಂದಿದ್ದ ಹಿರಿಯರನ್ನೆಲ್ಲ ಒಬ್ಬೊಬ್ಬರಾಗಿ ಕೇಳಿದೆ. ಹೆರಿಗೆ ಆದಾಗ ಒಳಕೋಣೆಯಲ್ಲಿ ಇದ್ದದ್ದು ಅಕ್ಕ ತಂಗಿ ಇಬ್ಬರೇ ಎಂದರು. ಅವ್ವ ನನ್ನನ್ನು ಏನೆಂದು ಕರೆಯಬೇಕೆಂದಿದ್ದಳೋ, ಅದನ್ನು ಬಲ್ಲವರು ಈಗ ಯಾರೂ ಇಲ್ಲ.