ಉಪ್ಪು ಹಾಕಲು ಹಿಂಜರಿದ ಕೈ

ಅಕ್ಕನ ಎಡಗಣ್ಣಿನ ಪೊರೆ ತೆಗೆಸಿಕೊಂಡು ಮೈಸೂರಿನಿಂದ ವಾಪಸ್ ಬರುತ್ತಿದ್ದೆವು. ಹುಣಸೂರಿನಲ್ಲಿ ಬಸ್ಸು ಅರ್ಧ ಖಾಲಿಯಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಅವಳನ್ನು ನೋಡಿ ನನಗೆ ನಗು ಬಂತು.

"ಹೊಸ ಕಣ್ಣು ಬಂತಲ್ಲಕ್ಕ, ಮೊದ್ಲು ಏನ್ ನೋಡ್ತೀಯಾ?" ಎಂದೆ.

ಯಾವುದಾದರೂ ದೇವಸ್ಥಾನದ ಹೆಸರು ಹೇಳುತ್ತಾಳೆ ಅಂದುಕೊಂಡಿದ್ದೆ.

"ಸಮುದ್ರ ತೋರ್ಸ್ಲಾ," ಅಂದಳು. "ದೇವ್ರು ಕಣ್ ಮುಚ್ಕಂಡ್ರೂ ಕಾಣ್ತಾನೆ. ಸಮುದ್ರ ಕಾಣಾಕಿಲ್ಲ."

ಅಕ್ಕ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನಮ್ಮದು ಹಾರನಹಳ್ಳಿ ಹೋಬಳಿಯ ಒಂದು ಹಳ್ಳಿ. ಅವಳನ್ನು ಅದೇ ಊರಿನಲ್ಲಿ, ನಮ್ಮ ಮನೆಯಿಂದ ಎರಡು ಬೀದಿ ಆಚೆಗೆ ಕೊಟ್ಟಿದೆ. ದಿನಾ ನೋಡುವ ಮುಖ. ಆ ಮುಖಕ್ಕೆ ಹೇಳಲಾರದ ಒಂದು ಮಾತನ್ನು ನಾನು ಮೂವತ್ತೆಂಟು ವರ್ಷ ಒಳಗೇ ಇಟ್ಟುಕೊಂಡಿದ್ದೆ. ಊರಿನಲ್ಲಿ ಹೇಳಲು ಬಾಯಿ ಬರಲಿಲ್ಲ, ದೂರ ಎಲ್ಲಾದರೂ ಹೋದಾಗ ಹೇಳಿಬಿಡೋಣ ಎಂಬ ಯೋಚನೆಯೂ ಆ ಪ್ರಯಾಣದಲ್ಲಿ ಸೇರಿತ್ತು. ಅವಳ ಆಸೆ ತೀರಿಸುವುದಕ್ಕಾಗಿಯೇ ಹೊರಟೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಸಮುದ್ರ ಎಲ್ಲಿದೆ, ಎಲ್ಲಿ ಉಳಿದುಕೊಳ್ಳಬೇಕು, ನನಗೆ ಏನೂ ಗೊತ್ತಿರಲಿಲ್ಲ. ಪಿರಿಯಾಪಟ್ಟಣದಲ್ಲಿ ನಾವು ಟಾರ್ಪಾಲು, ಹಗ್ಗ ತರುವ ಅಂಗಡಿಯ ಸಾಹೇಬರನ್ನು ಕೇಳಿದೆ. "ಅರೆ, ಲಾಡ್ಜು ಗೀಡ್ಜು ಯಾಕ್ರೀ? ನಮ್ ಮನೆಯವ್ಳ ತಂಗಿ ಕಣ್ಣೂರ್ ಹತ್ರ ಅವ್ಳೆ. ಮನೆ ಸಮುದ್ರಕ್ಕೇ ಅಂಟ್ಕಂಡದೆ. ಬಂದೋರಿಗೆ ನಾಕು ರೂಮ್ ಮಡ್ಗವ್ರೆ. ಮೀನ್ ತಿಂತೀರಲ್ಲ? ತಿಂದ್ರೆ ಬದುಕಿದ್ರಿ, ತಿನ್ನದಿದ್ರೆ ಉಪ್ವಾಸ," ಎಂದು ನಕ್ಕು ಅಲ್ಲೇ ಫೋನ್ ಮಾಡಿಕೊಟ್ಟರು. ಆ ಉಪಕಾರವನ್ನು ನಾನು ಇವತ್ತಿಗೂ ನೆನೆಯುತ್ತೇನೆ.

ಹೊಗೆಸೊಪ್ಪು ಮಾರಿ ಮುಗಿದು, ಮುಂದಿನ ಸಾಲಿನ ಸಸಿ ಮಡಿಗೆ ಇನ್ನೂ ಸಮಯವಿದ್ದ ದಿನಗಳಲ್ಲಿ ಹೊರಟೆವು. ವಿರಾಜಪೇಟೆ ದಾಟಿ ಮಾಕುಟ್ಟದ ಘಾಟಿ ಇಳಿಯುವಾಗ ಅಕ್ಕ ವಾಂತಿ ಮಾಡಿಕೊಂಡಳು. ಆದರೂ ಕಿಟಕಿ ಬಿಟ್ಟುಕೊಡಲಿಲ್ಲ. ಕಾಲ ಬಳಿ ಇಟ್ಟುಕೊಂಡಿದ್ದ ಚೀಲದಲ್ಲಿ ಎರಡು ಸೇರು ರಾಗಿಹಿಟ್ಟು ಇತ್ತು.

ಮನೆ ಹಳೆಯ ಹೆಂಚಿನದು. ಮುಂದೆ ಉದ್ದದ ಜಗಲಿ, ಜಗಲಿಯ ಮುಂದೆ ತೆಂಗಿನ ಮರಗಳು, ಅದರಾಚೆಗೆ ನೀರು. ಅಕ್ಕ ಚಪ್ಪಲಿ ಬಿಟ್ಟು ಮರಳಿನ ತನಕ ನಡೆದುಹೋಗಿ ಸುಮಾರು ಹೊತ್ತು ನಿಂತಳು. ನಾನು ಹಿಂದೆ ನಿಂತಿದ್ದೆ. ಅಳುತ್ತಾಳೇನೋ ಅಂದುಕೊಂಡೆ.

"ಉತ್ತು ಬುಟ್ಟ ಹೊಲ್ದಂಗೇ ಅದೆ ಕಣ್ಲಾ, ಸಾಲು ಸಾಲು," ಅಂದಳು. ಆಮೇಲೆ, "ಇಷ್ಟ್ ನೀರ್ ಮಡೀಕಂಡು ಒಂದ್ ಗುಂಟೆ ನೆನ್ಸಾಕಾಗಾಕಿಲ್ವಲ್ಲ, ಎಂಥ ಬಾಳು!"

ಮನೆಯೊಡತಿ ನಲವತ್ತರ ಆಸುಪಾಸಿನ ಹೆಂಗಸು. ಚಿಕ್ಕಂದಿನಲ್ಲಿ ವಿರಾಜಪೇಟೆಯಲ್ಲಿ ಬೆಳೆದವರಾದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಅಕ್ಕನನ್ನು ಅವರು ತಮ್ಮ ಮಲಯಾಳದಲ್ಲಿ 'ಚೇಚಿ', ಅಂದರೆ ಅಕ್ಕ, ಎಂದು ಕರೆದರು. ಬೆಳಗ್ಗೆ ಪತ್ತಿರಿ ಕೊಟ್ಟರು. ನಮ್ಮ ಅಕ್ಕಿರೊಟ್ಟಿಗೆ ಇಸ್ತ್ರಿ ಹಾಕಿದರೆ ಎಷ್ಟು ತೆಳ್ಳಗಾದೀತೋ ಅಷ್ಟು ತೆಳ್ಳಗೆ. ಮಧ್ಯಾಹ್ನ ಕೆಂಪಕ್ಕಿಯ ದಪ್ಪ ಅನ್ನ, ಮಾವಿನಕಾಯಿ ಹಾಕಿದ ಬಂಗುಡೆ ಸಾರು. ಕೆರೆ ಮೀನು ತಿಂದು ಬೆಳೆದ ನಮಗೆ ಮಣ್ಣಿನ ವಾಸನೆಯಿಲ್ಲದ ಮೀನು ಅದೇ ಮೊದಲು. ಅಕ್ಕ ಎರಡು ಸಲ ಹಾಕಿಸಿಕೊಂಡು, ಅನ್ನವನ್ನು ಮಾತ್ರ ನಂಬದೆ, "ಮುದ್ದೆ ಇಲ್ದೆ ಒಟ್ಟೆ ನಿಲ್ಲಾಕಿಲ್ಲ ಕಣವ್ವ," ಎಂದು ರಾತ್ರಿಗೆ ತಾನೇ ಅವರ ಅಡುಗೆಮನೆಗೆ ನುಗ್ಗಿ ಮುದ್ದೆ ತಿರುವಿದಳು. ಅದನ್ನು ಅಗಿಯದೆ ನುಂಗಬೇಕೆಂದು ಮನೆಯೊಡತಿಯ ಗಂಡನಿಗೆ ಸನ್ನೆಯಲ್ಲೇ ಪಾಠ ಹೇಳಿಕೊಟ್ಟಳು. ಆ ಮನುಷ್ಯ ಕಣ್ಣು ಮುಚ್ಚಿ ನುಂಗಿದರು.

ನಾಲ್ಕು ಗಂಟೆಗೆ ಜಗಲಿಯಲ್ಲಿ ಟೀ. ಮನೆಯೊಡತಿ ಸ್ಟೀಲ್ ತಟ್ಟೆಗೆ ಸೌಟಿನಿಂದ ಬಡಿದರೆ ಉಳಿದುಕೊಂಡವರೆಲ್ಲ ಬರಬೇಕು. ಹಾಲಿಲ್ಲದ, ನಿಂಬೆಹುಳಿ ಏಲಕ್ಕಿ ಹಾಕಿದ ಕೆಂಪು ಟೀ. "ಎಮ್ಮೆ ಬತ್ತೋಗದಾ?" ಎಂದು ಅಕ್ಕ ನನ್ನ ಕಿವಿಯಲ್ಲಿ ಕೇಳಿದಳು, ಎರಡನೆಯ ಲೋಟ ತಾನೇ ಕೇಳಿ ಇಸಕೊಂಡಳು. ಜೊತೆಗೆ ಬಾಳೆಹಣ್ಣಿನ ಬಜ್ಜಿ, ಮತ್ತೆ ಚಿಪ್ಪಿನೊಳಗೆ ಅಕ್ಕಿಹಿಟ್ಟು ತುಂಬಿ ಹುರಿದ ಕಲ್ಲುಮ್ಮಕಾಯಿ.

"ಇದು ಕಾಯಾ, ಜೀವವಾ?"

"ಜೀವ, ಚೇಚಿ."

"ಅಂಗಾರೆ ಇನ್ನೆಲ್ಡು ಆಕು."

ಮೊದಲ ದಿನ ಆಟೋದಲ್ಲಿ ಹೋಗಿ, ಮರಳಿನ ಮೇಲೆಯೇ ಕಾರು ಓಡಿಸುವ ಜಾಗವನ್ನೂ ದೀಪದ ಗೋಪುರವನ್ನೂ ನೋಡಿ ಬಂದೆವು. ಅಕ್ಕನ ಖುಷಿ ನೋಡಿದಷ್ಟೂ ನನ್ನ ಮಾತು ಒಳಕ್ಕೆ ಹೋಯಿತು. ಕೆಡಿಸುವುದು ಯಾಕೆ, ನಾಳೆ ಹೇಳೋಣ, ಅಂದುಕೊಂಡೆ. ಮೂವತ್ತೆಂಟು ವರ್ಷವೂ ನಾನು ಹೀಗೇ ಅಂದುಕೊಂಡವನು.

ಎರಡನೆಯ ದಿನದ ಟೀ ಹೊತ್ತಿಗೆ ಮನೆಯೊಡತಿ ಒಂದು ಬುಟ್ಟಿ ಮಿಡಿ ಮಾವಿನಕಾಯಿಯನ್ನೂ ತೊಳೆದೊಣಗಿಸಿದ ದೊಡ್ಡ ಜಾಡಿಯನ್ನೂ ಜಗಲಿಗೆ ತಂದರು. ವರ್ಷದ ಉಪ್ಪಿನಕಾಯಿ. ಹರಳುಪ್ಪಿನ ತಟ್ಟೆಯನ್ನು ಅಕ್ಕನ ಮುಂದೆ ಹಿಡಿದು, "ನಮ್ಮ ಉಮ್ಮ ಇದ್ದಾಗ ಮನೆಗೆ ಬಂದ ಹಿರಿಯರ ಕೈಲೇ ಮೊದಲ ಹಿಡಿ ಹಾಕಿಸ್ತಾ ಇದ್ರು. ನೀವು ಹಾಕಿ ಚೇಚಿ," ಅಂದರು.

ಅಕ್ಕ ಎರಡೂ ಕೈಯನ್ನು ಸೆರಗಿನೊಳಕ್ಕೆ ಎಳೆದುಕೊಂಡಳು.

"ಬ್ಯಾಡ ಕಣವ್ವ. ನನ್ ಕೈಗುಣ ಸರಿಯಿಲ್ಲ. ವರ್ಸದ್ ಉಪ್ಪಿನ್ಕಾಯಿ ಕೆಟ್ಟೋಯ್ತದೆ. ನನ್ ತಮ್ಮನ್ ಕೈಲಿ ಆಕ್ಸು, ಅವುಂದು ಒಳ್ಳೆ ಕೈ."

ತಟ್ಟೆ ನನ್ನ ಕಡೆಗೆ ಬಂತು. ನಾನು ಉಪ್ಪಿಗೆ ಕೈ ಇಟ್ಟೆ. ಎತ್ತಲಾಗಲಿಲ್ಲ. ಯಾರೂ ಅವಳನ್ನು ಅರಿಯದ, ನಮ್ಮೂರಿನ ಹೆಸರನ್ನೇ ಕೇಳದ ಜಾಗಕ್ಕೂ ಅವಳು ಆ ಮಾತನ್ನು ಹೊತ್ತು ತಂದಿದ್ದಳು. ಹೊರಿಸಿದವನು ನಾನು. "ಸ್ವಲ್ಪ ತಡೀರಮ್ಮ," ಎಂದು ಮನೆಯೊಡತಿಗೆ ಹೇಳಿದೆ. ಅವರು ನನ್ನ ಮುಖ ನೋಡಿ ತಟ್ಟೆಯನ್ನು ಅಲ್ಲೇ ಇಟ್ಟು ಒಳಗೆ ಹೋದರು.

ನಾನು ಹೇಳಿದ್ದು ಇದು.

ಅಪ್ಪ ಸ್ವಂತ ಬ್ಯಾರನ್ ಕಟ್ಟಿಸಿದ ಮೊದಲ ವರ್ಷ. ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ. ಹಸಿ ಸೊಪ್ಪನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ತೂಗುಹಾಕಿ, ಹೊರಗಿನ ಒಲೆಯಿಂದ ಶಾಖ ಕೊಡುತ್ತೇವೆ. ಹೊಸ ಬ್ಯಾರನ್ನಿನ ಮೊದಲ ಕಡ್ಡಿಯನ್ನು ಮನೆಯ ಹೆಣ್ಣುಮಗಳೇ ಕಟ್ಟಲಿ ಎಂದು ಅಪ್ಪ ಅಕ್ಕನ ಕೈಲಿ ಕಟ್ಟಿಸಿದ. ಅವಳಿಗೆ ಹದಿನೆಂಟು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನನಗೆ ಹದಿನಾಲ್ಕು. ಹಗಲು ಹೊತ್ತು ಒಲೆ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ಎರಡು ದಿನ ಶಾಖ ಮೆತ್ತಗಿರಬೇಕು, ಆಗಲೇ ಸೊಪ್ಪು ಹಳದಿಗೆ ತಿರುಗುವುದು. ಎರಡನೆಯ ದಿನ ನಾನು ತೋಪಿಗೆ ಗೋಲಿ ಆಡಲು ಹೋದೆ. ಬಂದು ನೋಡಿದರೆ ಒಲೆ ಆರಿತ್ತು. ಅಪ್ಪ ಬರುವುದರೊಳಗೆ ಸರಿಮಾಡಬೇಕೆಂದು ಒಣ ಕೊರಡುಗಳನ್ನೆಲ್ಲ ತುರುಕಿದೆ. ಶಾಖ ಒಂದೇ ಸಲ ಏರಿತು. ಬ್ಯಾರನ್ ತೆಗೆದಾಗ ಸೊಪ್ಪು ಹಸಿರು ಹಸಿರಾಗೇ ಒಣಗಿ ಕಾಗದದಂತೆ ಪುಡಿಯಾಗುತ್ತಿತ್ತು.

ಅಪ್ಪನಿಗೆ ಈ ಬೇಸಾಯ ಹೊಸದು, ಕಾರಣ ಹೊಳೆಯಲಿಲ್ಲ. ನೋಡಲು ಬಂದವರಲ್ಲಿ ಯಾರೋ ಕೇಳಿದರು: "ಮೊದ್ಲು ಕಡ್ಡಿ ಯಾರ್ ಕಟ್ಟಿದ್ರು?"

"ಅಕ್ಕ," ಅಂದೆ ನಾನು.

ಸುಳ್ಳಲ್ಲ. ಆ ನಿಜಕ್ಕಿಂತ ದೊಡ್ಡ ಸುಳ್ಳನ್ನು ನಾನು ಮತ್ತೆ ಆಡಿಲ್ಲ. ಅಲ್ಲಿಂದಾಚೆಗೆ ಅಕ್ಕನ ಕೈಲಿ ಯಾರೂ ಯಾವುದನ್ನೂ ಶುರು ಮಾಡಿಸಲಿಲ್ಲ. ನಮ್ಮೂರಿನಲ್ಲಿ ಅವಳಷ್ಟು ಬೇಗ, ಅವಳಷ್ಟು ಒಪ್ಪವಾಗಿ ಸೊಪ್ಪು ಕಟ್ಟುವವರಿಲ್ಲ. ಆದರೂ ಪ್ರತಿ ವರ್ಷ ಬೇರೆ ಯಾರಾದರೂ ಮೊದಲ ಕಡ್ಡಿ ಕಟ್ಟುವ ತನಕ ಅವಳು ಕೈಕಟ್ಟಿ ನಿಲ್ಲುತ್ತಾಳೆ. ನಾನು ದೊಡ್ಡವನಾಗಿ, ಬೇರೆಯವರಿಗೆ ಶಾಖದ ಲೆಕ್ಕ ಹೇಳಿಕೊಡುವಷ್ಟು ಕಲಿತ ಮೇಲೂ ಬಾಯಿ ಬಿಡಲಿಲ್ಲ. ನಮ್ಮ ಮನೆಗೆ ಸೊಸೆ ಬಂದ ವರ್ಷ, "ಅಕ್ಕ, ನೀನ್ ಸ್ವಲ್ಪ ಆಚೆ ನಿಂತ್ಕ, ಹುಡ್ಗಿ ಕಟ್ಲಿ," ಎಂದವನೂ ನಾನೇ. ಗೋಲಿ ಆಡಿದ್ದು ಹುಡುಗಾಟ. ಇದು ಹುಡುಗಾಟವಲ್ಲ.

ಅಕ್ಕ ಸಮುದ್ರ ನೋಡುತ್ತಲೇ ಕೇಳಿದಳು.

"ಗೋಲಿ ಆಡಾಕೋಗಿದ್ಯಾ?"

"ಊಂ."

"ಎಷ್ಟೊತ್ತು?"

"ಮಧ್ಯಾನದಿಂದ."

"ಗೆದ್ಯಾ?"

ಅವಳ ದನಿ ಏರಲಿಲ್ಲ. "ನನ್ ಮಗಳ್ ಮದ್ವೇಲಿ ಅರಿಸ್ನ ಕುಟ್ಟಾಕೆ ಮೊದಲ್ನೇ ಒನಕೆ ನಾನ್ ಇಡೀಲಿಲ್ಲ ಕಣ್ಲಾ. ಹೆತ್ತೋಳು ನಾನು. ಪಕ್ಕದ್ ಮನೆಯೋಳ ಕೈಗ್ ಕೊಟ್ಟು, ಕೊಟ್ಟಿಗೇಲಿ ಕೂತಿದ್ದೆ. ನೀನು ಅಲ್ಲೇ ಚಪ್ಪರ ಕಟ್ತಿದ್ದೆ."

ಎದ್ದು ಕೋಣೆಗೆ ಹೋದಳು.

ರಾತ್ರಿ ಊಟಕ್ಕೆ ಬಂದಳು, ನನ್ನ ಜೊತೆ ಮಾತಿಲ್ಲ. ಮಾರನೆಯ ದಿನ ಕೋಟೆ ನೋಡಲು ಹೋಗುವುದೆಂದಿತ್ತು. ಬೆಳಗ್ಗೆ ಎದ್ದು ನೋಡಿದರೆ ಅವಳು ಮನೆಯೊಡತಿಯ ಜೊತೆ ಆಟೋ ಹತ್ತುತ್ತಿದ್ದಳು. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ, "ನೀನ್ ಬ್ಯಾಡ," ಅಂದಳು. ಆ ಕೋಟೆಯನ್ನು ನಾನು ನೋಡಲೇ ಇಲ್ಲ. ಮನೆಯೊಡತಿಯ ಗಂಡ ಪತ್ತಿರಿ ತಂದಿಟ್ಟು ಏನೂ ಕೇಳದೆ ಎದುರಿಗೆ ಕೂತರು. ಆಮೇಲೆ ನನಗೊಂದು ಬಲೆ ಕೊಟ್ಟು ಹರಿದ ಕಡೆ ಹಿಡಿದುಕೊಳ್ಳುವಂತೆ ಸನ್ನೆ ಮಾಡಿ, ತಾವು ಹೊಲಿಯತೊಡಗಿದರು. ಮಧ್ಯಾಹ್ನದ ತನಕ ಅದನ್ನೇ ಹಿಡಿದು ಕೂತೆ. ಅವರಿಗೆ ಕನ್ನಡ ಬಾರದು, ನನಗೆ ಅವರ ಮಾತು ಬಾರದು. ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಉಪಕಾರವನ್ನು ಯಾರೂ ನನಗೆ ಮಾಡಲಾಗುತ್ತಿರಲಿಲ್ಲ.

ಅಕ್ಕ ಬಂದದ್ದು ಟೀ ಹೊತ್ತಿಗೆ. ಮುಖ ಬಿಸಿಲಿಗೆ ಕೆಂಪಾಗಿತ್ತು. ಕುರ್ಚಿ ಎಳೆದು ನನ್ನ ಎದುರಿಗೇ ಕೂತಳು.

"ಫೋನ್ ಆಕು. ನಿನ್ನೆಡ್ತಿಗೆ. ನಂಗೂ ಕೇಳಂಗೆ ಮಡಗು."

ಹಾಕಿದೆ. ಹೇಳಿದೆ.

"ನಿಮ್ ಬಾಯ್ಗೆ ಮಣ್ಣಾಕ," ಅಂದಳು ನನ್ನ ಹೆಂಡತಿ. "ಇಷ್ಟ್ ವರ್ಸ ನಾನೂ ಅತ್ಗೇನ ಆಚೆ ನಿಲ್ಲಿಸ್ದೆನಲ್ರೀ! ಪಾಪ ನಿಮ್ದು, ಪಾಲು ನಂಗೂನಾ? ಅತ್ಗೆ ಅಲ್ಲವ್ರಾ?"

"ಇವ್ನಿ ಕಣಮ್ಮಿ," ಎಂದಳು ಅಕ್ಕ. "ಟೀ ಕುಡೀತಾ ಇವ್ನಿ. ನೀ ಮಡಗು."

ಆಮೇಲೆ ನನಗೆ ಹೇಳಿದಳು: "ಇಲ್ಲಿ ಕೂತ್ಕಂಡು ಯೋಳಾದು ಸುಲ್ಬ ಕಣ್ಲಾ. ಸಮುದ್ರ ಯಾರಿಗೂ ಯೋಳಾಕಿಲ್ಲ. ಊರ್ಗೋಗಿ ಮನೆ ಮನೆಗೂ ಯೋಳು, ಮದ್ವೆಗ್ ಕರೀತೀವಲ್ಲ ಅಂಗೆ. ನಿನ್ ಬಾಯ್ಲಿ ನೀನೇ. ನಾ ಜೊತೇಗ್ ಬರಾಕಿಲ್ಲ."

ಕ್ಷಮಿಸಿದೆ ಅನ್ನಲಿಲ್ಲ. ಇವತ್ತಿಗೂ ಅಂದಿಲ್ಲ. ಆದರೆ ಏನು ಮಾಡಬೇಕೆಂದು ಹೇಳಿದಳಲ್ಲ, ಅದಕ್ಕೆ ನಾನು ಋಣಿ. ಮಾತು ಬಿಟ್ಟು ಸುಮ್ಮನಿದ್ದುಬಿಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಊರಿಗೆ ಬಂದ ಮೂರನೆಯ ದಿನ ಶುರು ಮಾಡಿದೆ. ಮದುವೆಗೆ ಕರೆಯುವವರ ಹಾಗೆ ಬಿಳಿ ಅಂಗಿ ಹಾಕಿ ಹೊರಟಿದ್ದರಿಂದ ಮೊದಲ ಮನೆಯಲ್ಲಿ, "ಯಾರ್ದು, ಎಲ್ಲಿ ಛತ್ರ?" ಎಂದರು. ಕೆಲವರು ನಕ್ಕರು. ಒಬ್ಬರು, "ಈಗ್ಯಾಕ್ ಬುಡಪ್ಪ, ಹಳೇ ಕತೆ," ಅಂದರು. ಒಂದು ಮನೆಯಲ್ಲಿ ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. ಎಲ್ಲರಿಗೂ ಒಂದೇ ಮಾತು ಹೇಳಿದೆ: ಸೊಪ್ಪು ಕೆಡಿಸಿದ್ದು ಅವಳ ಕೈಯಲ್ಲ, ನನ್ನ ಒಲೆ.

ಅಕ್ಕನ ಗಂಡನ ಮನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ, ಹೆದರಿಕೆಯಿಂದಲೇ. ಅವಳ ಅತ್ತೆಗೆ ಎಂಬತ್ತು ದಾಟಿದೆ, ಕಿವಿ ದೂರ. ಜಗಲಿಯಲ್ಲಿ ಕೂತಿದ್ದರು. ಮೆಲ್ಲಗೆ ಹೇಳಿದೆ. "ಆಂ?" ಅಂದರು. ಸ್ವಲ್ಪ ಜೋರಾಗಿ ಹೇಳಿದೆ. "ಯಾರ್ ಸತ್ರು?" ಅಂದರು. ಕೊನೆಗೆ ಕಿರುಚಿದೆ. ನಾನು ಒಲೆ ಬಿಟ್ಟು ಹೋದದ್ದು, ಗೋಲಿ ಆಡಿದ್ದು, ಕೊರಡು ತುರುಕಿದ್ದು, ಅಕ್ಕನ ಹೆಸರು ಹೇಳಿದ್ದು, ಎಲ್ಲವನ್ನೂ ಗಂಟಲು ಹರಿಯುವಂತೆ ಕೂಗಿದೆ. ಎದುರುಮನೆಯವರು ಹೊರಗೆ ಬಂದರು. ಹಾಲು ಹಾಕಲು ಹೊರಟಿದ್ದ ಹೆಂಗಸರು ಕ್ಯಾನು ಇಳಿಸಿ ನಿಂತರು.

ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಮೊದ್ಲೇ ಬೊಗುಳ್ಬಾರ್ದಾಗಿತ್ತಾ?" ಅಂದರು. ಕೋಲು ಊರಿ ಒಳಕ್ಕೆ ತಿರುಗಿ ಕೂಗಿದರು: "ಏ ಅಮ್ಮಯ್ಯ, ಕೇಳ್ತಾ? ನಾಳೆ ಸಸಿ ಮಡಿಗೆ ಬೀಜ ಚೆಲ್ಲಾಳು ನೀನೇ. ಬೇರೇರ್ ಕೈ ಬ್ಯಾಡ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಬೀದಿಯವರೂ ಕಾಯುತ್ತಿದ್ದರು.

"ನಾಳೆ ನಂಗೆ ಪುರುಸೊತ್ತಿಲ್ಲ," ಒಳಗಿನಿಂದ ಅಕ್ಕನ ದನಿ ಬಂತು. "ಬೇಕಾದ್ರೆ ಕಾಯ್ಲಿ. ನಾಡಿದ್ದು ನೋಡಾನ."