ಮಣ್ಣಿನ ಜೇಬೆಜ್‌ನ ನಗು

ಅಮೆರಿಕ ಸ್ವಂತ ದೇಶವಾಗಿ ಇಪ್ಪತ್ತು ವರ್ಷವಾಗಿತ್ತೋ ಇಲ್ಲವೋ, ನಮ್ಮ ಸೇಲಂ ಬಂದರಿನ ಮನೆಮನೆಗೂ ಚೀನಾ ನುಗ್ಗಿತ್ತು. ಕುಡಿಯುವ ಚಹಾ ಅಲ್ಲಿನದು, ಬಟ್ಟಲು ಅಲ್ಲಿನದು, ಭಾನುವಾರ ಚರ್ಚಿಗೆ ಉಡುವ ರೇಷ್ಮೆಯೂ ಅಲ್ಲಿನದೇ. ಆದರೆ ಗಂಡನೇ ಪೆಟ್ಟಿಗೆಯೊಳಗೆ ಬಂದಿಳಿದದ್ದು ನನ್ನ ಪಕ್ಕದ ಮನೆಯ ಕೆಜಾಯ ಲಂಟ್‌ಗೆ ಮಾತ್ರ.

ಕೆಜಾಯ ಹಡಗಿನ ಹಾಯಿಗಳಿಗೆ ತೇಪೆ ಹೊಲಿದು ಸಂಸಾರ ತೂಗಿಸುತ್ತಿದ್ದಳು. ಗಂಡ ಜೇಬೆಜ್ ಹಡಗಿನ ಬಡಗಿ. ಮಹಾ ಮೌನಿ. ಮದುವೆಯ ದಿನವೂ ಹಲ್ಲುನೋವು ಬಂದವನ ಹಾಗೆ ನಿಂತಿದ್ದ. ಚೀನಾದ ಕ್ಯಾಂಟನ್ ಬಂದರಿಗೆ ಹೋದವನು ತಾನು ಬರುವ ಮೊದಲೇ ಬೇರೊಂದು ಹಡಗಿನಲ್ಲಿ ತನ್ನದೇ ರೂಪದ ಗೊಂಬೆಯೊಂದನ್ನು ಕಳಿಸಿದ್ದ.

ಪೆಟ್ಟಿಗೆಗೆ ತುಂಬಿದ್ದ ಭತ್ತದ ಹೊಟ್ಟಿನೊಳಗಿಂದ ಅದನ್ನು ಎತ್ತಿದವಳು ನಾನೇ. ಮೊಳದುದ್ದದ, ಸುಡದೆ ಒಣಗಿಸಿದ ಮಣ್ಣಿನ ಗೊಂಬೆ, ಬಿದಿರು ಕುರ್ಚಿಯಲ್ಲಿ ಕೂತಿತ್ತು. ಹುಬ್ಬಿನ ಮೇಲಿನ ಗಾಯದ ಗುರುತು, ಮೂಗಿನ ನರಹುಲಿ, ಎಲ್ಲ ಜೇಬೆಜ್‌ಗೆ ಇದ್ದ ಹಾಗೇ. ಮುಖದ ತುಂಬ ನಗು.

"ಯಾರಿದು ಡಾರ್ಕಸ್ ಚಿಕ್ಕಮ್ಮ?" ಎಂದಳು ಕೆಜಾಯ.

"ನಿನ್ನ ಗಂಡ ಕಣೇ, ಇನ್ಯಾರು? ಆ ನರಹುಲಿ ನೋಡು."

"ನರಹುಲಿ ಅವರದೇ. ನಗು ಯಾರದು?"

"ಚೀನಾದವರು ಮರ್ಯಾದಸ್ಥರು. ಗಿರಾಕಿ ಮುಖ ಹುಳ್ಳಗಿದ್ರೆ ತಾವೇ ಒಂಚೂರು ನಗು ಅಂಟಿಸ್ತಾರೆ" ಎಂದೆ. ಅವಳು ಸಮಾಧಾನ ಮಾಡಿಕೊಂಡಳು.

ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಕಪ್ತಾನ ಫಾಸ್ಕೆಟ್ಟನ ಮನೆಗೆ ಹೊಲಿದ ಹಾಯಿ ಕೊಡಲು ಹೋದವಳು ಏದುಸಿರು ಬಿಡುತ್ತ ಓಡಿಬಂದಳು. ಅಲ್ಲೂ ಕಪ್ತಾನ ತನ್ನ ಜೊತೆಗೇ ತಂದಿದ್ದ, ಅದೇ ಕೈ ಮಾಡಿದ ಗೊಂಬೆ ಇತ್ತಂತೆ, ಕಪ್ತಾನನ ಗಂಟುಮುಖ ಇದ್ದದ್ದು ಇದ್ದ ಹಾಗೆ.

"ಆ ಗೊಂಬೆ ಮಾಡೋ ಮನುಷ್ಯ ಯಾರಿಗೂ ನಗು ಅಂಟಿಸಲ್ಲ ಚಿಕ್ಕಮ್ಮ. ಹಾಗಾದ್ರೆ ಇವರು ನಿಜವಾಗ್ಲೂ ನಕ್ಕಿದಾರೆ. ಯಾರನ್ನ ನೋಡಿ?"

ಬಂದರಿನ ಹೆಂಗಸರಿಗೆ ಇಷ್ಟು ಸಾಕಾಯಿತು. "ಅಲ್ಲಿ ಯಾವಳೋ ಇರ್ಬೇಕು ಬಿಡು" ಎಂದು ನಕ್ಕರು. ನಮ್ಮ ಗಂಡಸರನ್ನು ಅಲ್ಲಿ ನದಿದಂಡೆಯ ಗೋದಾಮುಗಳಾಚೆಗೆ ಬಿಡುವುದೇ ಇಲ್ಲ, ಯಾವಳು ಎಲ್ಲಿಂದ ಬರಬೇಕು ಎಂದು ನಾನು ಜಗಳಕ್ಕೇ ನಿಂತೆ. ಆದರೆ ಆ ನಗು ಎಲ್ಲಿಂದ ಬಂತೆಂದು ನನಗೂ ತಲೆಬುಡ ತಿಳಿಯಲಿಲ್ಲ. ಕೆಜಾಯ ಗೊಂಬೆಯನ್ನು ಗೋಡೆಗೆ ಮುಖ ಮಾಡಿ ಇಡುವಳು. ಮರುಗಳಿಗೆ ತಿರುಗಿಸಿ ನೋಡುವಳು.

"ಹನ್ನೆರಡು ವರ್ಷ ಬಾಳ್ವೆ ಮಾಡಿದೀನಿ ಚಿಕ್ಕಮ್ಮ. ನನ್ನ ನೋಡಿದ್ರೆ ಮಾತ್ರ ಅವರಿಗೆ ನಗು ಬರಲ್ವಾ?" ಎಂದು ಒಂದು ದಿನ ಅತ್ತೇಬಿಟ್ಟಳು. ನನಗೆ ಜೇಬೆಜ್ ಮೇಲೆ ಮೈಯೆಲ್ಲ ಉರಿಯಿತು.

ವಸಂತದಲ್ಲಿ ಅವನು ಬಂದ, ಅದೇ ಹಲ್ಲುನೋವಿನ ಮುಖ ಹೊತ್ತು. ನೋಡಿಹೋಗೋಣವೆಂದು ನಾನೂ ಹೋಗಿದ್ದೆ. ಅವನು ಮೀನಿನ ಸಾರಿಗೆ ಚಮಚ ಹಾಕುತ್ತಿದ್ದಂತೆ ಕೆಜಾಯ ಗೊಂಬೆಯನ್ನು ತಂದು ಬಟ್ಟಲಿನ ಮುಂದೆ ಕುಕ್ಕಿದಳು.

"ಯಾರನ್ನ ನೋಡಿ ನಕ್ಕಿದ್ದು, ಹೇಳಿ."

ಜೇಬೆಜ್ ಗೊಂಬೆಯನ್ನು ನೋಡಿದ, ಅವಳನ್ನು ನೋಡಿದ. ಅವನಿಗೂ ಅರ್ಥವಾಗಲಿಲ್ಲ. "ನಕ್ಕಿದ್ನಾ? ನಂಗೇ ಗೊತ್ತಿಲ್ಲ." ಆಮೇಲೆ ಕಿವಿಯವರೆಗೂ ಕೆಂಪಾದ. "ಅದನ್ನ ಮಾಡಿದ ಮುದುಕ ಮಣ್ಣು ಕೈಲಿಟ್ಕೊಂಡು ಎದುರಿಗೇ ಕೂತಿದ್ದ. ಬೆಳಗಿಂದ ಸಂಜೆವರೆಗೂ ನನ್ನ ಮುಖಾನೇ ನೋಡ್ತಿದ್ದ. ಹುಟ್ಟಿದಾಗಿಂದ ನನ್ನ ಮುಖಾನ ಯಾರೂ ಅಷ್ಟು ಹೊತ್ತು ನೋಡಿರಲಿಲ್ಲ ಕಣೇ."

ಕೆಜಾಯ ಮೂಲೆಯ ಮುಕ್ಕಾಲಿ ಎಳೆದುಕೊಂಡು ಬಂದು ಅವನ ಮುಂದೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು. ತನ್ನ ಗಲ್ಲಕ್ಕೆ ಕೈಕೊಟ್ಟು ಅವನ ಮುಖವನ್ನೇ ನೋಡತೊಡಗಿದಳು.

"ಏನೇ ಇದು?"

"ಸುಮ್ನೆ ಕೂತ್ಕೊಳ್ಳಿ."

"ಸಾರು ಆರ್ತಿದೆ."

"ಆರಲಿ."