ಸಿದ್ರಾಮಣ್ಣನ ಶೇಂಗಾ ಹಿಂಡಿ

ಇವತ್ತು ಬೆಳಿಗ್ಗೆ ರೊಟ್ಟಿಗೆ ಹಚ್ಚಿಕೊಳ್ಳಲೆಂದು ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತೆಗೆದೆ. ಬೆಳ್ಳುಳ್ಳಿ, ಕೆಂಪುಖಾರದ ಘಮ ಮೂಗಿಗೆ ಬಡಿಯಿತು. ಬೇರೆ ದಿನವಾಗಿದ್ದರೆ ಇನ್ನೊಂದು ರೊಟ್ಟಿ ಹೆಚ್ಚಿಗೆ ಹೋಗುತ್ತಿತ್ತು. ಇವತ್ತು ಒಂದೂ ಮುಗಿಯಲಿಲ್ಲ. ಕಾರಣ ಹೇಳುತ್ತೇನೆ ಕೇಳಿ. ಸಂಜೆ ಐದಕ್ಕೆ ಸೊಲ್ಲಾಪುರದಲ್ಲಿ ಸಿದ್ರಾಮಣ್ಣನವರ ಸ್ಮರಣೆಯ ಸಭೆ. ಅವರ ಬಾಳು, ಅವರು ನಡೆಸಿದ ಪತ್ರಿಕೆ, ಎರಡರ ಬಗ್ಗೆಯೂ ನಾನು ಹತ್ತು ನಿಮಿಷ ಮಾತಾಡಬೇಕು. ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಮಕ್ಕಳ ಮುಂದೆ ಒದರಿದವಳು ನಾನು, ಹತ್ತು ನಿಮಿಷಕ್ಕೆ ಹೆದರುವುದೇನು? ಒಂಬತ್ತೂವರೆ ನಿಮಿಷ ಸಲೀಸಾಗಿದೆ. ಉಳಿದ ಅರ್ಧ ನಿಮಿಷಕ್ಕೆ ವಾರದಿಂದ ನಿದ್ದೆಯಿಲ್ಲ.

ಪತ್ರಿಕೆಯ ಹೆಸರೂ ‘ಶೇಂಗಾ ಹಿಂಡಿ’ಯೇ. ಹದಿನಾರು ಪುಟದ ವ್ಯಂಗ್ಯ ಮಾಸಿಕ. ಪವರ್‌ಲೂಮ್ ಕಾರಖಾನೆಯಲ್ಲಿ ಗುಮಾಸ್ತರಾಗಿದ್ದ ಸಿದ್ರಾಮಣ್ಣ ಮಾಲಕನ ಮೇಲೆ ನಾಲ್ಕು ಸಾಲು ಬರೆದರು, ಅದು ಮಾಲಕನ ಕೈಗೇ ಸಿಕ್ಕು ನೌಕರಿ ಹೋಯಿತು, ಪತ್ರಿಕೆ ಶುರುವಾಯಿತು. “ಸಪ್ಪನ ಊಟಕ್ಕ ಹಿಂಡಿ ಬೇಕಲ್ರಿ ಬಾಯಾರ” ಎನ್ನುತ್ತಿದ್ದರು. ನಮ್ಮ ಕಡೆ ಶಿಕ್ಷಕಿಯೆಂದರೆ ಬಾಯಾರು. ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ, ಮೈಂದರ್ಗಿಯ ಕಿರಾಣಿ ಅಂಗಡಿಯಲ್ಲಿ, ಹಳ್ಳಿಹಳ್ಳಿಯ ಕಟಿಂಗ್ ಅಂಗಡಿಗಳಲ್ಲಿ ಅದು ಸಿಗುತ್ತಿತ್ತು. ಮರಾಠಿ ಸಾಲಿ ಕಲಿತವರಿಗೆ ಕನ್ನಡ ಓದಲು ಬಾರದು. ಒಬ್ಬರು ಓದಿ ಹೇಳುವರು, ಹತ್ತು ಮಂದಿ ಹೊಟ್ಟೆ ಹಿಡಿದು ನಗುವರು. ನಾನೂ ಅದರಲ್ಲಿ ಬರೆಯುತ್ತಿದ್ದೆ, ಬೇರೆ ಹೆಸರಿನಲ್ಲಿ. ಸರಕಾರಿ ನೌಕರಿ ನೋಡಿ, ಶೂರತನಕ್ಕೂ ರಜಾ ಅರ್ಜಿ ಕೊಡಬೇಕಾಗುತ್ತದೆ.

ಸಿದ್ರಾಮಣ್ಣನವರದು ಒಂದು ಹಟವಿತ್ತು. ಯಾರ ಮೇಲೆ ಬರೆದಿದ್ದೇವೋ ಅವರ ಮನೆಗೇ ಹೋಗಿ, ಅಚ್ಚಾಗುವ ಮೊದಲು, ಎದುರು ಕೂತು ಓದಬೇಕು. ನಕ್ಕರೆ ಅಚ್ಚು, ಸಿಟ್ಟಾದರೂ ಅಚ್ಚು. ಸುಮ್ಮನಾಗಿಬಿಟ್ಟರೆ ಮಾತ್ರ ಹಾಳೆ ಅಲ್ಲೇ ಹರಿದು, ಅವರ ಮನೆಯ ಚಹಾ ಕುಡಿದು ಬರಬೇಕು. “ಮಾರಿ ಮುಂದ ನಕ್ರ ಚ್ಯಾಷ್ಟಿ, ಬೆನ್ನ ಹಿಂದ ನಕ್ರ ಚಾಡಿ” ಎನ್ನುವುದು ಅವರ ಮಾತು.

ಒಮ್ಮೆ ಗಟಾರದ ಮೇಲಿನ ಬರಹವನ್ನು ಒಬ್ಬ ನಗರಸೇವಕನೆದುರು, ಅಂದರೆ ಕಾರ್ಪೊರೇಟರನೆದುರು, ಓದಲು ಹೋದರು. ನಾನೂ ಜೊತೆಗಿದ್ದೆ. ಓದು ಅರ್ಧಕ್ಕೆ ಬರುವಷ್ಟರಲ್ಲಿ ಅವನ ಡ್ರೈವರೇ ಕಿಸಕ್ಕನೆ ನಕ್ಕುಬಿಟ್ಟ. ನಗರಸೇವಕ ಎದ್ದು ನಿಂತು, “ಇದನ್ನ ಛಾಪಿಸಿದ್ರ ಕಾಲು ಮುರೀತೀನಿ!” ಎಂದ. ಸಿದ್ರಾಮಣ್ಣ ಕಿಸೆಯಿಂದ ಪೆನ್ನು ತೆಗೆದು, “ಇನ್ನೊಮ್ಮಿ ಹೇಳ್ರಿ ಸಾಹೇಬ್ರ, ಕಡೀ ಸಾಲು ಸಿಕ್ಕಿರಲಿಲ್ಲ ನಮಗ” ಎಂದರು. ಆ ಸಾಲೂ ಅಚ್ಚಾಯಿತು. ಕಾಲೇನೂ ಮುರಿಯಲಿಲ್ಲ. ಆದರೆ ಮುಂದೆ ಎರಡೇ ತಿಂಗಳಿಗೆ ಪತ್ರಿಕೆ ನಿಂತಿತು. ಅಂಜಿ ನಿಲ್ಲಿಸಿದ ಎಂದು ಊರೆಲ್ಲ ಆಡಿಕೊಂಡಿತು. ಮೊನ್ನೆ ಸಭೆ ಏರ್ಪಡಿಸಿದವರೂ ಫೋನಿನಲ್ಲಿ, “ಬಾಯಾರ, ಆ ಧಮಕಿ ಸುದ್ದಿ ಬಿಡಬ್ಯಾಡ್ರಿ. ಅದಕ್ಕ ಅಂಜೇ ಬಂದ್ ಮಾಡಿದ್ರಲ್ಲ ಪಾಪ!” ಎಂದರು. ನಾನು ಹೂಂ ಎಂದೆ. ಅಂದಮೇಲೆ ನಾಲಿಗೆ ಕಚ್ಚಿಕೊಂಡೆ.

ಯಾಕೆಂದರೆ ಪತ್ರಿಕೆ ನಿಂತದ್ದು ನನ್ನಿಂದ.

ಅಕ್ಕಲಕೋಟದಾಚೆಯ ತಡವಳದಲ್ಲಿ, ಜನಗಣತಿಗೆ ಹೋದಾಗ ಪರಿಚಯವಾದ ಒಬ್ಬ ಟೇಲರ ಕಾಕಾ ಇದ್ದರು. ಅಂಗಡಿಗೆ ಬಂದವರಿಗೆಲ್ಲ ಫೋಟೋ ತೋರಿಸಿ, ಮಗ ಪುಣೆಯಲ್ಲಿ ದೊಡ್ಡ ಸಾಹೇಬ ಎಂದು ಹೇಳುತ್ತಿದ್ದರು. ನಾನು ಪುಣೆಗೆ ಮದುವೆಗೆ ಹೋದಾಗ ಆ ಮಗನನ್ನು ಕಂಪನಿಯೊಂದರ ಗೇಟಿನಲ್ಲಿ, ವಾಚ್‌ಮನ್ ಡ್ರೆಸ್ಸಿನಲ್ಲಿ ಕಂಡೆ. ಕೈ ಸುಮ್ಮನಿರಬೇಕಲ್ಲ! ಬರೆದೆ. ಆ ತಿಂಗಳು ಸಿದ್ರಾಮಣ್ಣನವರಿಗೆ ಜ್ವರ. “ನೀವಽ ಹೋಗಿ ಓದಿ ಬರ್ರಿ” ಎಂದರು. ಅಕ್ಕಲಕೋಟದ ತನಕ ಹೋದೆ. ತಡವಳದ ಎರಡು ಬಸ್ಸು ನನ್ನ ಕಣ್ಣೆದುರೇ ಹೋದವು. ಆ ಮುದುಕರ ಮುಖ ನೋಡುವ ಧೈರ್ಯವಾಗದೆ ಬಾಳೆಹಣ್ಣು ತಿನ್ನುತ್ತ ಕೂತಿದ್ದು, ತಿರುಗಿ ಬಂದು, “ಓದಿದೆರಿ, ಭಾಳ ನಕ್ಕರು” ಎಂದೆ. ಅಚ್ಚಾಯಿತು. ಹೆಸರು ಹಾಕಿಲ್ಲವಲ್ಲ ಎಂದು ನನ್ನ ಸಮಾಧಾನ. ಆದರೆ ಅವರ ಓಣಿಯಲ್ಲಿ ಇದ್ದದ್ದು ಒಬ್ಬನೇ ಟೇಲರ. ಕಾಕಾ ಅಂಗಡಿಯ ಬಾಗಿಲು ಹಾಕಿಕೊಂಡರು.

ಸುದ್ದಿ ತಿಳಿದು ಸಿದ್ರಾಮಣ್ಣ ತಡವಳಕ್ಕೆ ಹೋಗಿ ಬಂದರು. “ಬಾಯಾರ, ನೀವು ಹೋಗಿದ್ರೇನು?” ಎಂದು ಕೇಳಿದರು. ಇಲ್ಲವೆಂದೆ. ಬೈಯಲಿಲ್ಲ. ಮರುದಿನ ಪತ್ರಿಕೆಯ ಬೋರ್ಡು ಇಳಿಸಿದರು. ಕಾರಣವನ್ನಾದರೂ ಬರೆದು ನಿಲ್ಲಿಸಿ ಎಂದು ನಾನು ಅತ್ತೆ. “ಬರದ್ರ ಅವರು ಮತ್ತ ಮಂದಿ ಬಾಯಾಗ ಬೀಳ್ತಾರ. ನನಗ ಅಂಜಬುರಕ ಅನ್ಲಿ ಬಿಡ್ರಿ” ಎಂದರು. ಸಾಯುವ ತನಕ ಅನ್ನಿಸಿಕೊಂಡರು.

ಈಗ ಹೇಳಿ, ಸಿದ್ರಾಮಣ್ಣನವರ ಮೇಲಿನ ಮಾತು ಅಳಿಸಬೇಕಾದರೆ ಟೇಲರ ಕಾಕಾನ ಸುದ್ದಿಯನ್ನು ಮತ್ತೆ ಸಭೆಗೆ ಎಳೆಯಬೇಕು. ಮೊದಲು ಅವರ ಮನೆಯಲ್ಲಿ ಓದಬೇಕೆಂದು ರೊಟ್ಟಿ ಹಾಗೇ ಬಿಟ್ಟು, ಭಾಷಣದ ಹಾಳೆ ಹಿಡಿದು ತಡವಳಕ್ಕೆ ಹೊರಟೆ. ಈ ಸಲ ಅಕ್ಕಲಕೋಟದಲ್ಲಿ ಕೂರಲಿಲ್ಲ.

ಕಾಕಾ ತೀರಿಕೊಂಡು ನಾಲ್ಕು ವರ್ಷವಾಗಿದೆ. ಅವರ ಹೆಂಡತಿ ಕಾಶೀಬಾಯಿ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದರು. “ಬರ್ರಿ ಬಾಯಾರ, ಮತ್ತ ಜನಗಣತಿ ಏನ್ರಿ?” ಎಂದರು. ಬಂದ ಕೆಲಸ ಹೇಳಿ, ಹಾಳೆ ಬಿಚ್ಚಿ ಓದಿದೆ. ‘ಪತ್ರಿಕೆಯ ಒಬ್ಬ ಲೇಖಕಿ ಓದಿ ತೋರಿಸದೆ ಅಚ್ಚಿಗೆ ಕೊಟ್ಟರು’ ಎಂಬಲ್ಲಿ ತಡೆದರು.

“ಯಾರ್ರಿ ಆಕಿ?”

“ನಾನರೀ ಅಕ್ಕಾ. ಆಕಿ ನಾನರೀ.”

ಅವರ ಸೂಜಿ ನಿಂತಿತು. ಮಾತಿಲ್ಲ. ಸುಮ್ಮನಾದರೆ ಹರಿಯಬೇಕು. ನಾನು ಹಾಳೆಯ ಅಂಚು ಹಿಡಿದುಕೊಂಡೆ.

“ಮಗಾ ವಾಚ್‌ಮನ್ ಅನ್ನೂದು ನನಗ ಮೊದಲಽ ಗೊತ್ತಿತ್ರಿ” ಎಂದರು ಕೊನೆಗೆ. “ಪುಣೆದಾಗ ನನ್ನ ತಮ್ಮ ಇದ್ದಾನಲ್ಲ. ಇವರು ದಿನಾ ಸಂಜಿಕ ಮಗನ ದೊಡ್ಡಸ್ತಿಕಿ ಹೇಳಾವ್ರು. ಹೇಳೂ ಮುಂದ ಅವರ ಮಾರಿ ನೋಡಬೇಕಿತ್ರಿ ನೀವು! ಸುಳ್ಳಂತ ಗೊತ್ತಿದ್ರೂ ನಾ ಹೂಂ ಹೂಂ ಅಂತಿದ್ದೆ. ನಿಮ್ಮ ಪುಸ್ತಕ ಬಂದ ದಿನದಿಂದ ಹೇಳೂದು ಬಿಟ್ರು. ಹದಿನಾಲ್ಕು ವರ್ಷ, ಸಂಜಿಕ ಇಬ್ಬರೂ ಸುಮ್ಮ ಕೂಡ್ತಿದ್ವಿ.”

ಹಾಳೆ ಹರಿಯಲು ಹೋದೆ. ಕೈ ಹಿಡಿದರು.

“ಹರೀಬ್ಯಾಡ್ರಿ. ಆ ಸಿದ್ರಾಮಣ್ಣ ಅಂಜಿಲ್ಲಂತ ಮಂದಿಗಿ ಗೊತ್ತಾಗ್ಲಿ. ಆದ್ರ ಒಬ್ಬಾಕಿ ಅಂತ ಬರೀಬ್ಯಾಡ್ರಿ, ನಿಮ್ಮ ಹೆಸರು ಬರೀರಿ. ಈಗ ನಾ ಹೇಳಿದ್ದೂ ಬರ್ಕೋರಿ.”

ಕೌದಿ ಸರಿಸಿ ಜಾಗ ಮಾಡಿಕೊಟ್ಟರು. ಅಲ್ಲೇ ಕೂತು ಬರೆದೆ, ಬರೆದದ್ದನ್ನು ಅವರಿಗೆ ಓದಿದೆ. ಈಗ ಸೊಲ್ಲಾಪುರದ ಬಸ್ಸಿನಲ್ಲಿದ್ದೇನೆ. ಅಂಜಿಕೆ ಹೋಗಿಲ್ಲ. ಮಂದಿ ನನಗೆ ಏನಂದಾರು ಎಂದು ಬೆಳಿಗ್ಗೆ ಅಂಜಿದ್ದೆ. ಈಗ, ಆ ಇಬ್ಬರೂ ಸುಮ್ಮನೆ ಕೂತ ಅಷ್ಟೊಂದು ಸಂಜೆಗಳನ್ನು ಅರ್ಧ ನಿಮಿಷದಲ್ಲಿ ಹೇಗೆ ಹೇಳಲಿ ಎಂದು ಅಂಜುತ್ತಿದ್ದೇನೆ.